ಸುಭಾಸ ರಸ್ತೆಯ ಅಟ್ಟದಿಂದ: ಮನೋಹರ ಗ್ರಂಥಮಾಲೆ ಮತ್ತು ಗಡಿಯಾಚೆಯ ಓದುಗ

ಧಾರವಾಡದ ಮನೋಹರ ಗ್ರಂಥಮಾಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದು ಪ್ರಕಟಿಸಿದ ದೊಡ್ಡ ಹೆಸರುಗಳಿಂದ ಆರಂಭಿಸುತ್ತಾರೆ. ಕಾರ್ನಾಡ, ಅನಂತಮೂರ್ತಿ, ರಾಮಾನುಜನ್ ಎಂದು ಪಟ್ಟಿ ಕೊಟ್ಟರೆ ಸಂಸ್ಥೆಯ ಮಹತ್ವ ತಾನಾಗಿ ಸ್ಥಾಪಿತವಾಯಿತು ಎಂಬ ಭಾವ ಅದರ ಹಿಂದಿರುತ್ತದೆ. ಇಂದಿನ ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿಯ ಕನ್ನಡ ಓದುಗರ ಕಡೆಯಿಂದ ನೋಡಿದಾಗ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ. ದೊಡ್ಡ ಲೇಖಕರು ಗ್ರಂಥಮಾಲೆಯನ್ನು ದೊಡ್ಡದು ಮಾಡಿದ್ದು ನಂತರದ ಮಾತು. ಅದಕ್ಕೂ ಮುನ್ನ, ತನ್ನದೇ ಸರಕಾರವಿಲ್ಲದ ಒಂದು ಭಾಷೆಯ ಓದುಗರನ್ನು ಹುಡುಕಿ, ಅವರ ವಿಳಾಸ ಬರೆದಿಟ್ಟುಕೊಂಡು, ಅವರ ಮನೆಗೆ ಪುಸ್ತಕ ಮುಟ್ಟಿಸುವ ಒಂದು ವ್ಯವಸ್ಥೆಯನ್ನು ಅದು ಕಟ್ಟಿತ್ತು. ಆ ವ್ಯವಸ್ಥೆಯೇ ಅದರ ನಿಜವಾದ ಆಸ್ತಿ, ಸಂಸ್ಥೆ ಸಣ್ಣದಾಗಿಯೇ ಉಳಿದದ್ದು ಆ ಆಸ್ತಿಯನ್ನು ಕಾಪಾಡಿದ ಬಗೆ ಎಂಬುದು ಈ ಲೇಖನದ ವಾದ.

1933: ಸರಕಾರವಿಲ್ಲದ ಭಾಷೆ

1933ರಲ್ಲಿ ಗೋವಿಂದಾಚಾರ್ಯ ಭೀಮಾಚಾರ್ಯ ಜೋಶಿಯವರು ಗ್ರಂಥಮಾಲೆಯನ್ನು ಆರಂಭಿಸಿದಾಗ ಧಾರವಾಡ ಮುಂಬಯಿ ಪ್ರಾಂತದ ದಕ್ಷಿಣದ ಅಂಚಿನಲ್ಲಿತ್ತು. ಗದಗ ಸೀಮೆಯ ಹೊಂಬಳದಲ್ಲಿ 1904ರಲ್ಲಿ ಹುಟ್ಟಿದ ಜೋಶಿಯವರು ಜಿ.ಬಿ. ಎಂದೇ ಬಳಗದಲ್ಲಿ ಪರಿಚಿತರು, ಬರೆಯುವಾಗ ‘ಜಡಭರತ’. ಅಂದಿನ ಕನ್ನಡದ ಸ್ಥಿತಿಯನ್ನು ಇವತ್ತಿನ ನಕಾಶೆ ಇಟ್ಟುಕೊಂಡು ಊಹಿಸುವುದು ಕಷ್ಟ. ಕನ್ನಡ ಮಾತಾಡುವ ನೆಲ ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮನ ಹೈದರಾಬಾದು, ಮೈಸೂರು ಸಂಸ್ಥಾನ, ಕೊಡಗು, ಇವುಗಳ ಜೊತೆಗೆ ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. ಇವುಗಳಲ್ಲಿ ಮೈಸೂರಿನಲ್ಲಿ ಮಾತ್ರ ಕನ್ನಡಕ್ಕೆ ಅರಮನೆಯ ಆಸರೆ, ವಿಶ್ವವಿದ್ಯಾಲಯದ ಬಲ ಇತ್ತು. ಧಾರವಾಡದ ಭಾಗದಲ್ಲಿ ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯ ಪ್ರಾಬಲ್ಯ ಬಹುಕಾಲ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡು ಆ ಸೀಮೆಯ ನೆನಪಿನಲ್ಲಿ ಇನ್ನೂ ಹಸಿಯಾಗಿಯೇ ಇದೆ. ಸೇಲಂ ಜಿಲ್ಲೆಯ ಭಾಗವಾಗಿದ್ದ ಹೊಸೂರು ತಾಲೂಕಿನಲ್ಲಿ ಕನ್ನಡ ತೆಲುಗು ತಮಿಳುಗಳು ಒಂದೇ ಸಂತೆಯಲ್ಲಿ ಕೂಡಿ ಬಾಳುತ್ತಿದ್ದವು, ಅಲ್ಲಿನ ಕನ್ನಡಕ್ಕೂ ಸರಕಾರಿ ಆಶ್ರಯ ಅಷ್ಟಕ್ಕಷ್ಟೆ. ಹೊಸೂರಿಗೂ ಧಾರವಾಡಕ್ಕೂ ನಡುವೆ ಇಡೀ ಮೈಸೂರು ಸಂಸ್ಥಾನ ಅಡ್ಡ ಇತ್ತು; ಆದರೂ ಒಂದು ಮಟ್ಟಿಗೆ ಎರಡರದೂ ಒಂದೇ ಪರಿಸ್ಥಿತಿ.

ಇಂಥಲ್ಲಿ ಸಂಸ್ಥೆಗಳನ್ನು ಜನರೇ ಕಟ್ಟಿಕೊಳ್ಳಬೇಕು. ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅದರ ‘ವಾಗ್ಭೂಷಣ’ ಪತ್ರಿಕೆ ಬಂತು. ಆಲೂರು ವೆಂಕಟರಾಯರ ‘ಜಯಕರ್ನಾಟಕ’ ಬಂತು. 1922ರ ಹೊತ್ತಿಗೆ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕೂಡಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಕತೆಯನ್ನು ಆ ಭಾಗದಲ್ಲಿ ಕೇಳದವರಿಲ್ಲ. ಆ ಕತೆಯನ್ನು ನಾವು ತ್ಯಾಗದ ಕತೆಯಾಗಿ ಹೇಳುತ್ತೇವೆ, ಸರಿಯೇ. ಅದರಲ್ಲಿ ಒಂದು ವ್ಯಾಪಾರದ ಪಾಠವೂ ಇದೆ: ಕನ್ನಡಕ್ಕೆ ಓದುಗರ ಕೊರತೆ ಇರಲಿಲ್ಲ, ಓದುಗನಿಗೂ ಪುಸ್ತಕಕ್ಕೂ ನಡುವೆ ದಾರಿ ಇರಲಿಲ್ಲ. ಲೇಖಕನೇ ಪ್ರಕಾಶಕ, ಅವನೇ ಹಮಾಲ ಆಗಬೇಕಾದ ಪರಿಸ್ಥಿತಿಯಲ್ಲಿ ಸಾಹಿತ್ಯ ಒಬ್ಬ ಮನುಷ್ಯನ ಕಾಲಿನ ಬಲದಷ್ಟೇ ದೂರ ಹೋದೀತು. ಜಿ.ಬಿ. ಜೋಶಿಯವರು ಕೈಗೆತ್ತಿಕೊಂಡದ್ದು ಈ ಸಮಸ್ಯೆಯನ್ನು.

ಕಾಲವೂ ಅನುಕೂಲವಾಗಿರಲಿಲ್ಲ. ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು, ಇಲ್ಲಿ ಕಾನೂನುಭಂಗ ಚಳವಳಿ. ‘ನರಬಲಿ’ ಕವಿತೆಗಾಗಿ ಬೇಂದ್ರೆಯವರು ಸೆರೆಮನೆ ಕಂಡು, ಕೆಲಸ ಕಳೆದುಕೊಂಡು, ಮುಗದದಲ್ಲಿ ನಿರ್ಬಂಧದಲ್ಲಿ ಇರಬೇಕಾಗಿ ಬಂದದ್ದು ಇದೇ ಸುಮಾರಿಗೆ. ಹಿರಿಯ ಕವಿಗೇ ಈ ಗತಿಯಿದ್ದಾಗ ಒಬ್ಬ ತರುಣ ಪ್ರಕಾಶನಕ್ಕೆ ಇಳಿದದ್ದು ಲಾಭದ ಲೆಕ್ಕದಿಂದ ಇರಲಾರದು. ಹಾಗೆಂದು ಅದನ್ನು ಬರಿಯ ಹುಂಬತನ ಎಂದೂ ಹೇಳಲಾಗದು, ಏಕೆಂದರೆ ಅದರ ಹಿಂದೆ ಒಂದು ಯೋಜನೆ ಇತ್ತು.

1933–1950: ಚಂದಾದಾರರೇ ಬಂಡವಾಳ

ಆ ಯೋಜನೆ ಸರಳ. ಓದುಗ ವರ್ಷದ ಚಂದಾ ಕೊಡುತ್ತಾನೆ. ವರ್ಷದುದ್ದಕ್ಕೂ ಮಾಲೆಯ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಅಂಗಡಿಯಲ್ಲಿ ಒಂದೊಂದೇ ಪುಸ್ತಕ ಮಾರುವ ಪ್ರಕಾಶಕ ಅಚ್ಚಿನ ಖರ್ಚನ್ನು ಮೊದಲು ಹಾಕಿ ಆಮೇಲೆ ಗಿರಾಕಿಗಾಗಿ ಕಾಯಬೇಕು. ಇಲ್ಲಿ ಗಿರಾಕಿ ಮೊದಲು, ಅಚ್ಚು ನಂತರ. ಹೀಗೆ ಚಂದಾದಾರನ ಹಣವೇ ಬಂಡವಾಳವಾಯಿತು. ಮಾಲೆಗಳ ಪದ್ಧತಿ ಜೋಶಿಯವರ ಹೊಸ ಶೋಧವೇನಲ್ಲ. ಭಾರತದ ಬೇರೆ ಭಾಷೆಗಳಲ್ಲೂ ಕನ್ನಡದಲ್ಲೂ ಅಂಥ ಪ್ರಯತ್ನಗಳು ನಡೆದಿದ್ದವು, ಹಲವು ನಾಲ್ಕಾರು ಪುಸ್ತಕಕ್ಕೇ ನಿಂತಿದ್ದವು. ವಿಶೇಷವೆಂದರೆ ಇದು ನಿಲ್ಲಲಿಲ್ಲ.

ನಿಲ್ಲದಿರಲು ಎರಡು ಕಾರಣ ಗುರುತಿಸಬಹುದು. ಮೊದಲನೆಯದು ಅಂಚೆ. ಬ್ರಿಟಿಷ್ ಆಡಳಿತ ಕನ್ನಡಿಗರನ್ನು ಹತ್ತು ಹೋಳು ಮಾಡಿತ್ತು, ನಿಜ. ಅದೇ ಆಡಳಿತದ ಅಂಚೆ ಇಲಾಖೆಗೆ ಮಾತ್ರ ಆ ಹೋಳುಗಳು ಲೆಕ್ಕಕ್ಕಿರಲಿಲ್ಲ. 1877ರಿಂದಲೇ ವಿ.ಪಿ.ಪಿ. ವ್ಯವಸ್ಥೆ ಇತ್ತು: ಪುಸ್ತಕ ಕೈಗೆ ಬಂದಾಗ ಅಂಚೆಯಣ್ಣನಿಗೆ ಹಣ ಕೊಟ್ಟರಾಯಿತು. ಪ್ರಾಂತ ಯಾವುದೇ ಇರಲಿ, ವಿಳಾಸ ಒಂದಿದ್ದರೆ ಸಾಕು, ಓದುಗ ಮಾಲೆಯೊಳಗೆ ಬಂದ. ಏಕೀಕರಣದ ನಾಯಕರು ವೇದಿಕೆಯ ಮೇಲೆ ಕೇಳುತ್ತಿದ್ದ ಅಖಂಡ ಕರ್ನಾಟಕ ಚಂದಾದಾರರ ಪಟ್ಟಿಯಲ್ಲಿ 1956ಕ್ಕೂ ಮುಂಚೆಯೇ ಸದ್ದಿಲ್ಲದೆ ರೂಪಗೊಳ್ಳಬಹುದಿತ್ತು. ಚಂದಾ ಪದ್ಧತಿಯನ್ನು ಬರಿಯ ವ್ಯಾಪಾರದ ಜಾಣ್ಮೆಯಾಗಿ ನೋಡದೆ ಒಂದು ಸಾಮಾಜಿಕ ಅಗತ್ಯದ ಉತ್ತರವಾಗಿ ನೋಡಬೇಕು ಎನ್ನುವುದು ಇದಕ್ಕಾಗಿ. ಪುಸ್ತಕದಂಗಡಿ ಇಲ್ಲದ ಊರಿನ ಶಾಲಾಮಾಸ್ತರರಿಗೆ, ತಾಲೂಕು ಕಚೇರಿಯ ಗುಮಾಸ್ತರಿಗೆ, ಕನ್ನಡ ಕಲಿತು ಮನೆಯೊಳಗೇ ಉಳಿದ ಹೆಣ್ಣುಮಕ್ಕಳಿಗೆ ಹೊಸ ಕನ್ನಡದ ಬರವಣಿಗೆ ಮುಟ್ಟಲು ಇದ್ದ ದಾರಿಗಳೇ ಕೆಲವು. ಅವುಗಳಲ್ಲಿ ಇದು ಒಂದು.

ಎರಡನೆಯ ಕಾರಣ ಆಯ್ಕೆಯ ವಿವೇಕ. ಚಂದಾ ಕೊಟ್ಟವನು ಮುಂದಿನ ಪುಸ್ತಕ ಯಾವುದೆಂದು ತಿಳಿಯದೆ ಕೊಟ್ಟಿರುತ್ತಾನೆ. ಎರಡು ಸಲ ಜೊಳ್ಳು ಕಳಿಸಿದರೆ ಮೂರನೆಯ ವರ್ಷ ಚಂದಾ ಬರುವುದಿಲ್ಲ. ಆದ್ದರಿಂದ ಇಂಥ ಸಂಸ್ಥೆಗೆ ಹಣಕ್ಕಿಂತ ಮೊದಲು ಬೇಕಾದದ್ದು ಒಳ್ಳೆಯ ಸಲಹೆಗಾರ. ಆರಂಭದಲ್ಲಿ ಆ ಸ್ಥಾನದಲ್ಲಿ ಬೇಂದ್ರೆಯವರಿದ್ದರು. ಮೊದಲ ವರ್ಷಗಳಲ್ಲಿ ಕಾದಂಬರಿಗೆ ಒತ್ತು ಬಿದ್ದದ್ದೂ ವಿವೇಕದ್ದೇ ನಿರ್ಧಾರ: ಹೊಸ ಓದುಗನನ್ನು ಕಟ್ಟಿಹಾಕುವ ಶಕ್ತಿ ಕಾದಂಬರಿಗಿದ್ದಷ್ಟು ಕವನಕ್ಕೋ ವಿಮರ್ಶೆಗೋ ಇರಲಿಲ್ಲ. ಗೋಕಾಕರ ‘ಇಜ್ಜೋಡು’, ಮುಂದೆ ಅದು ಬೆಳೆದು ‘ಸಮರಸವೇ ಜೀವನ’ವಾದದ್ದು, ಆ ಕಾಲದ ಧಾರವಾಡದ ವಾತಾವರಣ ಕಾದಂಬರಿಯ ಮೇಲೆ ಇಟ್ಟ ನಿರೀಕ್ಷೆ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಸಾಕ್ಷಿ.

ಎರಡನೆಯ ಮಹಾಯುದ್ಧದ ವರ್ಷಗಳನ್ನು ಬೇಗ ದಾಟಬಹುದು. ಕಾಗದದ ಅಭಾವ, ನಿಯಂತ್ರಣ, ಬೆಲೆಯೇರಿಕೆ ಎಲ್ಲ ಪ್ರಕಾಶಕರನ್ನೂ ಕಾಡಿದವು. 1944ರಲ್ಲಿ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಹೋದರು, 1956ರವರೆಗೆ ಅಲ್ಲಿಯೇ ಇದ್ದರು. ಧಾರವಾಡದ ಸಾಹಿತ್ಯ ಜೀವನದ ಕೇಂದ್ರವೇ ಸ್ಥಳಾಂತರವಾದ ಹಾಗಾಯಿತು. ಹೊಸ ಕೇಂದ್ರವೊಂದನ್ನು ಹುಡುಕಿಕೊಳ್ಳುವುದು ಗ್ರಂಥಮಾಲೆಗೆ ಅನಿವಾರ್ಯವಾಯಿತು.

1950–1962: ಕುರ್ತಕೋಟಿ, ಅಟ್ಟ, ಬೆಳ್ಳಿಹಬ್ಬ

ಸಂಸ್ಥೆಯ ಚರಿತ್ರೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಘಟ್ಟ ಇದು. 1950ರ ಹೊತ್ತಿಗೆ ಧಾರವಾಡದ ಚಹರೆ ಬದಲಾಗಿತ್ತು: ಕರ್ನಾಟಕ ವಿಶ್ವವಿದ್ಯಾಲಯ ಬಂದಿತ್ತು, ಆಕಾಶವಾಣಿ ಕೇಂದ್ರ ಬಂದಿತ್ತು, ಇಂಗ್ಲಿಷ್ ಓದಿ ಕನ್ನಡದಲ್ಲಿ ಬರೆಯಬೇಕೆಂಬ ಹುಮ್ಮಸ್ಸಿನ ತರುಣರ ಒಂದು ಪೀಳಿಗೆ ತಯಾರಾಗುತ್ತಿತ್ತು. ಗದಗಿನಲ್ಲಿ 1928ರಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿ ಆ ಪೀಳಿಗೆಯ ಅತಿ ಸೂಕ್ಷ್ಮ ಓದುಗ. ಅವರು ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾದದ್ದು ಸಂಸ್ಥೆಯ ಎರಡನೆಯ ಜನ್ಮ ಎಂದರೆ ಉತ್ಪ್ರೇಕ್ಷೆಯಲ್ಲ. ಕುರ್ತಕೋಟಿಯವರ ಅಧ್ಯಾಪಕ ವೃತ್ತಿಯ ಬಹುಭಾಗ ಕಳೆದದ್ದು ಗುಜರಾತಿನ ಆಣಂದದಲ್ಲಿ. ಮೊದಲ ಸಲಹೆಗಾರರು ಸೊಲ್ಲಾಪುರದಲ್ಲಿ, ಎರಡನೆಯವರು ಗುಜರಾತಿನಲ್ಲಿ, ಓದುಗರು ನಾಡಿನ ನಾನಾ ಮೂಲೆಗಳಲ್ಲಿ. ಸಂಸ್ಥೆ ಮಾತ್ರ ಧಾರವಾಡದ ಸುಭಾಸ ರಸ್ತೆಯ ಲಕ್ಷ್ಮೀ ಭವನದ ಅಟ್ಟದಲ್ಲಿ.

ಆ ಅಟ್ಟದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಭಾವುಕವಾಗಿ ಬರೆಯಲಾಗಿದೆ. ಭಾವುಕತೆ ಬದಿಗಿಟ್ಟು ನೋಡಿದರೂ ಅದರ ಉಪಯೋಗ ದೊಡ್ಡದೇ. ಜಿ.ಬಿ. ತಮ್ಮ ಹಣವನ್ನು ಕಟ್ಟಡಕ್ಕೆ ಹಾಕಲಿಲ್ಲ. ಮಾರುಕಟ್ಟೆಗೆ ಹೊಂದಿದ ರಸ್ತೆಯ ಮೇಲೆ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆ. ಕಚೇರಿಯೂ ಅದೇ, ದಾಸ್ತಾನೂ ಅದೇ, ಹರಟೆಯ ಕಟ್ಟೆಯೂ ಅದೇ. ಶತಮಾನೋತ್ಸವದ ಗ್ರಂಥಗಳಲ್ಲಿ ಸಂಸ್ಥೆಗಳು ತಮ್ಮ ಸಭಾಭವನದ ಅಡಿಗಲ್ಲಿನ ಚಿತ್ರ ಹಾಕಿಕೊಳ್ಳುವುದು ವಾಡಿಕೆ. ಈ ಸಂಸ್ಥೆಗೆ ಅಂಥ ಚಿತ್ರ ಬೇಕಾಗಲಿಲ್ಲ. ಕಟ್ಟಡ ಕಟ್ಟಿದ ಸಾಹಿತ್ಯ ಸಂಸ್ಥೆಗಳು ಮುಂದೆ ಕಟ್ಟಡದ ಸಂಸ್ಥೆಗಳಾಗಿ ಮಾರ್ಪಟ್ಟ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಹೆಸರಿಸುವ ಅಗತ್ಯವಿಲ್ಲ. ಬರಹಗಾರ ತರುಣನೊಬ್ಬ ಹಸ್ತಪ್ರತಿ ಹಿಡಿದು ಮೇಲೆ ಬಂದರೆ ಅದನ್ನು ಓದಿ, ಇಲ್ಲಿ ಸಡಿಲಾಗಿದೆ, ಇದನ್ನು ಬಿಡು ಎಂದು ಹೇಳಬಲ್ಲವರ ಸಂಪರ್ಕ ಆ ಕೋಣೆಗಿತ್ತು. ಅಂದಿನ ಕನ್ನಡ ಪ್ರಕಾಶನದಲ್ಲಿ ಸಂಪಾದನೆ ಎಂಬ ಕೆಲಸವೇ ಅಪರೂಪದ್ದು.

ಬೆಳ್ಳಿಹಬ್ಬ ಬಂದಾಗ ಸಂಸ್ಥೆ ಮಾಡಿಕೊಂಡ ಸಂಭ್ರಮವೂ ಇದೇ ಗುಣದ್ದು. ಇಪ್ಪತ್ತೈದು ವರ್ಷದ ನೆನಪಿಗೆ ಅದು ಹೊರತಂದದ್ದು ‘ನಡೆದು ಬಂದ ದಾರಿ’ ಎಂಬ ಮೂರು ಸಂಪುಟಗಳು. ಹೆಸರು ಕೇಳಿದರೆ ಸಂಸ್ಥೆ ತನ್ನನ್ನೇ ಹೊಗಳಿಕೊಂಡಿರಬೇಕು ಅನ್ನಿಸುತ್ತದೆ. ಒಳಗಿದ್ದದ್ದು ಹೊಸಗನ್ನಡ ಸಾಹಿತ್ಯದ ಸಮೀಕ್ಷೆ, ಅದರ ಮಾದರಿ ಬರಹಗಳು. ಅದಕ್ಕಾಗಿ ಕುರ್ತಕೋಟಿಯವರು ಬರೆದ ದೀರ್ಘ ವಿವೇಚನೆ ‘ಯುಗಧರ್ಮ ಹಾಗೂ ಸಾಹಿತ್ಯದರ್ಶನ’ ಎಂಬ ಹೆಸರಿನಲ್ಲಿ ಬೇರೆ ಪುಸ್ತಕವಾಗಿಯೂ ಬಂತು. ಕನ್ನಡ ವಿಮರ್ಶೆಯ ವಿದ್ಯಾರ್ಥಿಗಳು ಇಂದಿಗೂ ಅದರಿಂದಲೇ ಶುರು ಮಾಡುತ್ತಾರೆ. ತನ್ನ ಹಬ್ಬದ ದಿನ ಒಂದು ಪ್ರಕಾಶನ ಇಡೀ ಭಾಷೆಯ ಲೆಕ್ಕಪತ್ರ ತೆಗೆದು ಮುಂದಿಟ್ಟದ್ದು ಬರಿಯ ಔದಾರ್ಯವೂ ಅಲ್ಲ. ಆ ಲೆಕ್ಕದಲ್ಲಿ ಖೋತಾ ಎಲ್ಲಿದೆ ಎಂದು ತೋರಿಸಿದ್ದರಿಂದ ಮುಂದಿನ ಬರವಣಿಗೆಯೇ ಹುಟ್ಟಿತು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲ ಎಂಬ ಕುರ್ತಕೋಟಿಯವರ ಮಾತು ತಮ್ಮನ್ನು ಚರಿತ್ರೆಯ ಕಡೆ ತಿರುಗಿಸಿತೆಂದು ಗಿರೀಶ ಕಾರ್ನಾಡರೇ ಹೇಳಿಕೊಂಡಿದ್ದಾರೆ; ಅದರ ಫಲ ‘ತುಘಲಕ್’. ಒಂದು ಸ್ಮರಣ ಸಂಪುಟದ ವಿಮರ್ಶೆಯ ಸಾಲಿನಿಂದ ಭಾರತೀಯ ರಂಗಭೂಮಿಯ ಒಂದು ಮುಖ್ಯ ನಾಟಕ ಬರುವುದು ಆಗಾಗ ನಡೆಯುವ ಸಂಗತಿಯಲ್ಲ.

1961–1978: ಹೊಸ ಬರವಣಿಗೆಯ ಮನೆ

ಮುಂದಿನ ಹದಿನೇಳು ವರ್ಷ ಗ್ರಂಥಮಾಲೆಯ ಸುಗ್ಗಿಯ ಕಾಲ. 1961ರಲ್ಲಿ ಕಾರ್ನಾಡರ ‘ಯಯಾತಿ’ ಬಂತು. ಆಕ್ಸ್‌ಫರ್ಡಿಗೆ ಓದಲು ಹೊರಟ ತರುಣನೊಬ್ಬ ಬರೆದ ಮೊದಲ ನಾಟಕ ಅದು. ಅವನ ಹೆಸರನ್ನು ಆಗ ಓದುಗರು ಕೇಳಿರಲಿಲ್ಲ. ಅದೇ ವರ್ಷ ಶಾಂತಿನಾಥ ದೇಸಾಯಿಯವರ ‘ಮುಕ್ತಿ’. 1964ರಲ್ಲಿ ‘ತುಘಲಕ್’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’, 1969ರಲ್ಲಿ ಎ.ಕೆ. ರಾಮಾನುಜನ್ ಅವರ ಮೊದಲ ಕನ್ನಡ ಕವನಸಂಗ್ರಹ ‘ಹೊಕ್ಕುಳಲ್ಲಿ ಹೂವಿಲ್ಲ’, 1971ರಲ್ಲಿ ‘ಹಯವದನ’, 1977ರಲ್ಲಿ ರಾಮಾನುಜನ್ ಅವರ ‘ಮತ್ತು ಇತರ ಕವಿತೆಗಳು’, 1978ರಲ್ಲಿ ಅವರದೇ ‘ಮತ್ತೊಬ್ಬನ ಆತ್ಮಚರಿತ್ರೆ’. ಯಶವಂತ ಚಿತ್ತಾಲರು ಈ ಮನೆಯವರೇ. ‘ಮನ್ವಂತರ’ ಎಂಬ ಸಾಹಿತ್ಯ ಪತ್ರಿಕೆಯೂ ಇಲ್ಲಿಂದ ಹೊರಟಿತು. ಈ ಪುಸ್ತಕಗಳು ಬರೆಯಲ್ಪಟ್ಟ ಸ್ಥಳಗಳನ್ನು ಗಮನಿಸಬೇಕು. ‘ಸಂಸ್ಕಾರ’ದ ಹಸ್ತಪ್ರತಿ ಬರ್ಮಿಂಗ್‌ಹ್ಯಾಮಿನದು, ರಾಮಾನುಜನ್ ಶಿಕಾಗೊದಲ್ಲಿ, ‘ತುಘಲಕ್’ ಬರುವಾಗ ಕಾರ್ನಾಡರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ, ಚಿತ್ತಾಲರು ಮುಂಬಯಿಯಲ್ಲಿ. ಕನ್ನಡದ ನವ್ಯ ಸಾಹಿತ್ಯದ ದೊಡ್ಡ ಪಾಲು ಕನ್ನಡದ ಸೀಮೆಯಿಂದ ಹೊರಗೆ ಕೂತು ಬರೆದದ್ದು. ಓದುಗನನ್ನು ವಿಳಾಸದಿಂದ ಗುರುತಿಸಲು ಕಲಿತಿದ್ದ ಸಂಸ್ಥೆಗೆ ಲೇಖಕನನ್ನೂ ಹಾಗೆ ಗುರುತಿಸುವುದು ಸುಲಭವಾಯಿತು.

‘ಸಂಸ್ಕಾರ’ದ ಪ್ರಸಂಗ ಪ್ರಕಾಶಕರ ಮನೋಧರ್ಮ ತಿಳಿಯಲು ಒಳ್ಳೆಯ ಒರೆಗಲ್ಲು. ಮಾಧ್ವ ಅಗ್ರಹಾರದ ಒಳಬಿರುಕನ್ನು ತೋರಿಸುವ ಕಾದಂಬರಿ ಅದು. ಪ್ರಕಾಶಕರ ಹೆಸರು ಗೋವಿಂದಾಚಾರ್ಯ ಭೀಮಾಚಾರ್ಯ ಜೋಶಿ. ತಮ್ಮ ಪರಿಸರದ ಜನಕ್ಕೇ ಕಹಿಯಾಗಬಹುದಾದ ಕೃತಿಯನ್ನು, ಅದೂ ಚಂದಾ ಕೊಟ್ಟು ಪುಸ್ತಕಕ್ಕಾಗಿ ಕಾಯುವ ಮನೆಗಳಿಗೆ ಕಳಿಸುವುದು ಸಣ್ಣ ಧೈರ್ಯವಲ್ಲ. ವಿರೋಧ ಬಂತು, ಚರ್ಚೆ ಬೆಳೆಯಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ಚಿತ್ರವಾದಾಗ ಸೆನ್ಸಾರಿನ ತಡೆಯನ್ನೂ ಎದುರಿಸಿ, ರಾಷ್ಟ್ರಪತಿಗಳ ಸ್ವರ್ಣ ಪದಕವನ್ನೂ ಪಡೆಯಿತು. 1976ರಲ್ಲಿ ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ ಮೂಲಕ ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಹೋಯಿತು. ಅತ್ತ ‘ತುಘಲಕ್’ ದೆಹಲಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಯಲ್ಲಿ ಪುರಾನಾ ಕಿಲಾದ ಬಯಲಿಗೆ ಬಂತು. ಪ್ರಕಾಶಕರು ಸ್ವತಃ ನಾಟಕಕಾರರಾಗಿದ್ದದ್ದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಜಡಭರತರ ‘ಸತ್ತವರ ನೆರಳು’ ಬಿ.ವಿ. ಕಾರಂತರ ನಿರ್ದೇಶನದಲ್ಲಿ ದಾಸರ ಪದಗಳೊಂದಿಗೆ ರಂಗದ ಮೇಲೆ ಬಹುಕಾಲ ಬಾಳಿತು. ಅದೂ ಮಠದ ವ್ಯವಸ್ಥೆಯನ್ನು ವಿಡಂಬಿಸುವ ನಾಟಕವೇ.

ಇಷ್ಟು ಬಗೆಯ ಪ್ರತಿಭೆಗಳು ಒಂದೇ ಅಟ್ಟವನ್ನು ಹತ್ತಿ ಇಳಿಯುವಾಗ ಎಲ್ಲರೂ ಎಲ್ಲ ಕಾಲಕ್ಕೂ ಒಂದೇ ದನಿಯಲ್ಲಿ ಮಾತಾಡಿದರೆಂದು ಯಾರೂ ನಂಬಬೇಕಿಲ್ಲ. ರುಚಿಯ ವಿಷಯದಲ್ಲಿ, ಋಣದ ವಿಷಯದಲ್ಲಿ, ಯಾರ ಮಾತು ಯಾರಿಗೆ ಎಷ್ಟು ಪ್ರೇರಣೆಯಾಯಿತು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಇದ್ದವು, ಕೆಲವು ಮುಂದೆ ಅಚ್ಚಿನಲ್ಲಿಯೂ ಕಾಣಿಸಿಕೊಂಡವು. ಸಂಸ್ಥೆಯ ಚರಿತ್ರೆಗೆ ಬೇಕಾದದ್ದು ಒಂದೇ ಸಂಗತಿ: 2011ರಲ್ಲಿ ಕಾರ್ನಾಡರು ತಮ್ಮ ಆತ್ಮಕಥನ ‘ಆಡಾಡತ ಆಯುಷ್ಯ’ವನ್ನು, ಅರ್ಧ ಶತಮಾನದ ಹಿಂದೆ ‘ಯಯಾತಿ’ಯನ್ನು ಒಪ್ಪಿಸಿದ್ದ ಗ್ರಂಥಮಾಲೆಗೇ ಒಪ್ಪಿಸಿದರು.

ಎದುರು ಮಾತುಗಳು

ಈ ವಾದಕ್ಕೆ ಹಲವು ಆಕ್ಷೇಪಗಳಿವೆ. ಪ್ರತಿಭಾವಂತರು ಎಲ್ಲಿದ್ದರೂ ಬೆಳಗುತ್ತಿದ್ದರು, ಗ್ರಂಥಮಾಲೆ ಬರಿಯ ಅಚ್ಚುಕೂಟ ಎನ್ನುವವರಿದ್ದಾರೆ. ಉತ್ತರ ಮೇಲೆಯೇ ಇದೆ: ‘ತುಘಲಕ್’ ಒಂದು ವಿಮರ್ಶೆಯ ಪ್ರಶ್ನೆಗೆ ಬಂದ ಪ್ರತ್ಯುತ್ತರ. ಹೆಸರಿಲ್ಲದ ತರುಣನ ಪೌರಾಣಿಕ ನಾಟಕವನ್ನು, ಅಮೆರಿಕದಲ್ಲಿ ಕೂತ ಭಾಷಾಶಾಸ್ತ್ರಜ್ಞನ ವಿರಳ ಕವಿತೆಗಳನ್ನು ಮಾರುಕಟ್ಟೆಯ ಪ್ರಕಾಶಕ ಹಾಕಲು ಕಾರಣವಿರಲಿಲ್ಲ. ಖಚಿತ ಚಂದಾದಾರರಿದ್ದ ಸಂಸ್ಥೆ ಮಾತ್ರ ಅಂಥ ಅಪಾಯ ತೆಗೆದುಕೊಳ್ಳಬಲ್ಲದು, ಯಾಕೆಂದರೆ ಒಂದು ಪುಸ್ತಕದ ಸೋಲು ಅದರ ವರ್ಷವನ್ನು ಕೆಡಿಸುವುದಿಲ್ಲ.

ಗ್ರಂಥಮಾಲೆಯ ಬಳಗ ಇಕ್ಕಟ್ಟಾಗಿತ್ತು ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಹೆಚ್ಚಿನ ಲೇಖಕರು ಗಂಡಸರು, ಇಂಗ್ಲಿಷ್ ಓದಿದವರು, ಮೇಲ್ಜಾತಿಯವರು. 1970ರ ದಶಕದಲ್ಲಿ ದಲಿತ ಚಳವಳಿ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂದಾಗ ಕನ್ನಡದ ಕಸುವು ಬೇರೆ ಕಡೆಯಿಂದ ಹರಿಯಿತು. ದೇವನೂರ ಮಹಾದೇವರ ‘ದ್ಯಾವನೂರು’ 1973ರಲ್ಲೇ ಬಂದಿತ್ತು, ಅದು ಬೆಳೆದ ವಾತಾವರಣ ಮೈಸೂರಿನದು. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕವಾಗದು. ಸಲಹೆಗಾರನ ರುಚಿಯನ್ನು ನಂಬಿ ನಡೆಯುವ ಸಂಸ್ಥೆಗೆ ಆ ರುಚಿಯ ಎಲ್ಲೆಯೇ ತನ್ನ ಎಲ್ಲೆ. ಇದರಿಂದ ಹುಟ್ಟುವ ತೀರ್ಮಾನ ಮಾತ್ರ, ಇಂಥ ಸಂಸ್ಥೆಗಳು ಹೆಚ್ಚು ಬೇಕು ಎಂಬುದು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ, ಅದಕ್ಕೂ ಹಿಂದೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ತಾವೇ ನಡೆಸಿದ ಮುದ್ರಣಾಲಯ, ಬೆಂಗಳೂರಿನಲ್ಲಿ ಮಾಸ್ತಿಯವರ ಜೀವನ ಕಾರ್ಯಾಲಯ ಇವೆಲ್ಲ ಒಂದೊಂದು ರುಚಿಯ, ಒಂದೊಂದು ಸೀಮೆಯ ಮನೆಗಳು. ಯಾವುದೂ ಇಡೀ ಕನ್ನಡವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

1956ರಲ್ಲಿ ರಾಜ್ಯ ಬಂತು, 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು, ಸರಕಾರವೇ ಪುಸ್ತಕ ಕೊಳ್ಳಲಾರಂಭಿಸಿತು, ಇನ್ನು ಚಂದಾ ಪದ್ಧತಿಯ ಅಗತ್ಯ ಏನು ಎಂದೂ ಕೇಳುತ್ತಾರೆ. ಸರಕಾರಿ ಖರೀದಿ ಕನ್ನಡ ಪ್ರಕಾಶನವನ್ನು ಬದುಕಿಸಿದೆ ಎಂಬುದು ಸತ್ಯ. ಅದು ಪ್ರಕಾಶಕನ ಮುಖವನ್ನು ಓದುಗನಿಂದ ತಿರುಗಿಸಿ ಇಲಾಖೆಯ ಕಡೆಗೆ ಮಾಡಿದೆ ಎಂಬುದೂ ಅಷ್ಟೇ ಸತ್ಯ. ಇಲಾಖೆಯ ಬಿಲ್ಲು ತಡವಾದರೆ ಪುಸ್ತಕ ನಿಲ್ಲುತ್ತದೆ. ಓದುಗ ತಡಮಾಡಿದರೆ ಪ್ರಕಾಶಕ ಅವನಿಗೆ ಒಂದು ಕಾರ್ಡು ಬರೆಯಬಹುದು. ಅದಕ್ಕಿಂತ ಮುಖ್ಯವಾಗಿ, ಕರ್ನಾಟಕ ಸರಕಾರದ ಗ್ರಂಥಾಲಯ ಕರ್ನಾಟಕದ ಗಡಿಯಲ್ಲಿ ಮುಗಿಯುತ್ತದೆ.

1993ರಿಂದ ಈಚೆಗೆ

1993ರ ಡಿಸೆಂಬರಿನಲ್ಲಿ ಜಿ.ಬಿ. ಜೋಶಿಯವರು ತೀರಿಕೊಂಡರು, ಅವರು ಹುಟ್ಟುಹಾಕಿದ ಸಂಸ್ಥೆಗೆ ಅರುವತ್ತು ತುಂಬಿದ ವರ್ಷ. 2003ರಲ್ಲಿ ಕುರ್ತಕೋಟಿಯವರು ಹೋದರು. ಸ್ಥಾಪಕನ ಜೊತೆಗೇ ಮುಗಿದ ಪ್ರಕಾಶನಗಳು ಕನ್ನಡದಲ್ಲಿ ಹೆಚ್ಚು; ಇಲ್ಲಿ ಮಗ ರಮಾಕಾಂತ ಜೋಶಿಯವರು ಜವಾಬ್ದಾರಿ ಹೊತ್ತು ಮುಂದೆ ಮೂರು ದಶಕ ನಡೆಸಿದರು. 2025ರ ಮೇ ತಿಂಗಳಲ್ಲಿ ಅವರು ನಿಧನರಾಗುವ ಹೊತ್ತಿಗೆ ಮೂರನೆಯ ತಲೆಮಾರಿನ ಸಮೀರ ಜೋಶಿಯವರು ಕೆಲಸದಲ್ಲಿದ್ದರು. ಒಂದು ಮನೆತನದ ಸಂಸ್ಥೆ ಸಾರ್ವಜನಿಕ ಸಂಸ್ಥೆ ಹೇಗಾದೀತು ಎಂದು ಕೇಳುವವರಿಗೆ ಒಂದು ಮಾತು: ಚುನಾವಣೆ, ಆಡಳಿತ ಮಂಡಳಿ, ಅಧ್ಯಕ್ಷಗಿರಿಗಳ ಜಗಳದಲ್ಲಿ ತಮ್ಮ ಅರ್ಧ ಆಯುಷ್ಯ ಕಳೆದ ಸಾರ್ವಜನಿಕ ಸಂಸ್ಥೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಚಂದಾದಾರರು ಇಲ್ಲಿ ಪ್ರತಿ ವರ್ಷ ಮತ ಹಾಕುತ್ತ ಬಂದಿದ್ದಾರೆ.

ಹೊಸೂರಿನ ಕಡೆಯಿಂದ

1956ರಲ್ಲಿ ಗಡಿಗಳು ಹೊಸದಾಗಿ ಬಿದ್ದಾಗ ಧಾರವಾಡಕ್ಕೆ ಅದು ಕೇಳಿದ ರಾಜ್ಯ ಸಿಕ್ಕಿತು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಸೇಲಂ ಜಿಲ್ಲೆಯ ಹೊಸೂರು ಮದರಾಸಿನಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯ ಪಾಲಾಗಿ, 2004ರಲ್ಲಿ ಹೊಸ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಮಾಸ್ತಿಯವರ ಹುಟ್ಟೂರಿನ ಮಾಲೂರು ತಾಲೂಕು ಇಲ್ಲಿಗೆ ನೆರೆಯ ಸೀಮೆ, ಬೆಂಗಳೂರು ನಲವತ್ತು ಕಿಲೋಮೀಟರ್. ಇಷ್ಟು ಹತ್ತಿರವಿದ್ದೂ ಈ ತಾಲೂಕುಗಳ ಕನ್ನಡ 1933ರ ಧಾರವಾಡದ ಕನ್ನಡದ ಸ್ಥಿತಿಯಲ್ಲಿಯೇ ಇದೆ: ಮನೆಯಲ್ಲಿ ಉಂಟು, ಸಂತೆಯಲ್ಲಿ ಉಂಟು, ಕೆಲವು ಶಾಲೆಗಳಲ್ಲಿ ಉಂಟು, ಸರಕಾರದಲ್ಲಿ ಇಲ್ಲ. 2006ರ ತಮಿಳು ಕಲಿಕೆ ಕಾಯಿದೆ ಒಂದನೇ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲಾಗಿ ಹತ್ತನೆಯ ತರಗತಿ ಮುಟ್ಟಿದಾಗ ಅಲ್ಪಸಂಖ್ಯಾತ ಭಾಷೆಗಳ ಮಕ್ಕಳ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ತಮಿಳುನಾಡು ತನ್ನ ಭಾಷೆಯನ್ನು ಕಲಿಸಬಾರದೆಂದು ಯಾರೂ ಹೇಳಲಾರರು. ಇಲ್ಲಿ ಬಾಳುವವರಿಗೆ ತಮಿಳು ಬೇಕೇ ಬೇಕು. ಆ ವ್ಯವಸ್ಥೆಯಲ್ಲಿ ಕನ್ನಡದ ಓದು ಪರೀಕ್ಷೆಯ ಆಚೆಗೆ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಶಾಲೆಯಿಂದ ಮಾತ್ರ ಉತ್ತರ ಬರುವುದಿಲ್ಲ.

ಬೆಂಗಳೂರು ಪಕ್ಕದಲ್ಲೇ ಇದೆ, ಮೊಬೈಲಿನಲ್ಲಿ ತರಿಸಿಕೊಂಡರೆ ಎರಡು ದಿನದಲ್ಲಿ ಪುಸ್ತಕ ಬರುತ್ತದೆ, ಹಳೆಯ ಚಂದಾ ಪದ್ಧತಿಯ ಮಾತು ಯಾಕೆ ಎನ್ನಬಹುದು. ತರಿಸಿಕೊಳ್ಳುವವನಿಗೆ ಯಾವ ಪುಸ್ತಕ ಬೇಕೆಂದು ಮೊದಲೇ ತಿಳಿದಿರಬೇಕು. ಕನ್ನಡ ಪತ್ರಿಕೆ ಬಾರದ, ಕನ್ನಡದ ಸಭೆ ಅಪರೂಪವಾದ ಬಾಗಲೂರಿನಲ್ಲೋ ಅಂಚೆಟ್ಟಿಯಲ್ಲೋ ಇರುವ ಓದುಗನಿಗೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ಗ್ರಂಥಮಾಲೆ ಕಳಿಸುತ್ತಿದ್ದದ್ದು ಪುಸ್ತಕದ ಜೊತೆಗೆ ಒಂದು ಆಯ್ಕೆಯನ್ನು. ‘ಯಯಾತಿ’ ಎಂಬ ನಾಟಕ ಇದೆಯೆಂದು ತಿಳಿಯದವನ ಮನೆಗೂ ಅದು ಬಂತು. ಸಾಗಣೆಯ ದಾರಿಯೂ ಸದಾ ಸಲೀಸಾಗಿ ಉಳಿಯಲಿಲ್ಲ. ಅಂಚೆ ಇಲಾಖೆ ರಿಯಾಯಿತಿ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಭಾರತದ ಹಲವು ಭಾಷೆಗಳ ಸಣ್ಣ ಪ್ರಕಾಶಕರು ಇದನ್ನು ವಿರೋಧಿಸಿದರು. ನೂರೈವತ್ತು ರೂಪಾಯಿಯ ಕವನಸಂಗ್ರಹಕ್ಕೆ ಸಾಗಣೆಯ ಖರ್ಚೇ ಭಾರವಾದರೆ ಚಂದಾ ಲೆಕ್ಕ ಕೂಡು-ಕಳೆಯಲ್ಲಿಯೇ ಮುರಿಯುತ್ತದೆ. ಪುಸ್ತಕಕ್ಕೆ ಅಂಚೆಯಲ್ಲಿ ಇದ್ದ ಒಂದು ಸೌಲಭ್ಯ ಹೀಗೆ 2024ರಲ್ಲಿ ನಿಂತುಹೋಯಿತು ಎಂಬುದನ್ನು ಭಾಷೆಯ ಬಗ್ಗೆ ಮಾತಾಡುವವರು ಗಡಿಯ ಎರಡೂ ಬದಿಯಲ್ಲಿ ಗಮನಿಸಿದ್ದು ಕಡಿಮೆ. ಧಾರವಾಡದ ಮಾದರಿಯನ್ನು ಹೊಸೂರಿನಲ್ಲಿ ಹಾಗೆಯೇ ನೆಡಲಾಗದು. ಇಲ್ಲಿ ಬೇಕಾದದ್ದು ಬಹುಶಃ ಕನ್ನಡ, ತೆಲುಗು, ತಮಿಳು ಮೂರನ್ನೂ ಬಲ್ಲ ಓದುಗರಿಗಾಗಿ, ಒಂದು ಭಾಷೆಯ ಒಳ್ಳೆಯದನ್ನು ಇನ್ನೊಂದಕ್ಕೆ ತರುವ, ಕೆಲವೇ ನೂರು ಚಂದಾದಾರರ ಒಂದು ಮಾಲೆ. ಅದಕ್ಕೆ ಸಭಾಭವನ ಬೇಡ. ಓದುಗರ ಒಂದು ಪಟ್ಟಿ, ನೆಚ್ಚಬಹುದಾದ ಒಬ್ಬ ಸಲಹೆಗಾರ, ಬಾಡಿಗೆ ಕಡಿಮೆ ಇರುವ ಒಂದು ಕೋಣೆ ಸಾಕು.